ಚಾರ್ಜು ವಹಿಸಿಕೊಳ್ಳುವವರು ಯಾರು?

ನಾನು ಬ್ಯಾಂಕಿನಿಂದ ನಿವೃತ್ತನಾದದ್ದು 2019ರ ಮೇ 31, ಶುಕ್ರವಾರ. ಕೊನೆಯ ದಿನ ನನ್ನ ಪಾಲಿಗೆ ಉಳಿದಿದ್ದ ದೊಡ್ಡ ಕೆಲಸವೆಂದರೆ ಚಾರ್ಜು ಕೊಡುವುದು. ಬ್ಯಾಂಕಿನಲ್ಲಿ ದುಡಿದವರಿಗೆ ಇದರ ಗಾಂಭೀರ್ಯ ಗೊತ್ತು. ತಿಜೋರಿಯ ಬೀಗದಕೈ, ಲಾಕರ್ ರಿಜಿಸ್ಟರು, ಸಾಲಕ್ಕೆ ಒತ್ತೆಯಿಟ್ಟ ಚಿನ್ನದ ಪೊಟ್ಟಣಗಳು, ಅರ್ಧಕ್ಕೆ ನಿಂತ ಕಡತಗಳು, ಎಲ್ಲವನ್ನೂ ಹೊಸದಾಗಿ ಬಂದವರ ಮುಂದಿಟ್ಟು, ಎಣಿಸಿ, ಪಟ್ಟಿ ಮಾಡಿ, ಇಬ್ಬರೂ ರುಜು ಹಾಕಬೇಕು. ಆ ಕಾಗದಕ್ಕೆ ಅವರ ರುಜು ಬೀಳುವವರೆಗೂ ಹೊಣೆ ನನ್ನದೇ. ಬಿದ್ದ ಮರುಕ್ಷಣ ನನ್ನದಲ್ಲ. ಮೂವತ್ತಾರು ವರ್ಷದ ಭಾರ ಹೀಗೆ ಒಂದು ಸಹಿಯಲ್ಲಿ ಇಳಿಯಿತು.

ಸಂಜೆ ಸಣ್ಣ ಸಮಾರಂಭ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹೆಂಡತಿಯನ್ನೂ ವೇದಿಕೆಗೆ ಕರೆದು ಹಾರ ಹಾಕಿದರು. ಕಿರಿಯ ಸಹೋದ್ಯೋಗಿಯೊಬ್ಬರು ಮೈಕು ಹಿಡಿದು, “ಸಾರ್, ನಾಳೆಯಿಂದ ನಿಮ್ಮ ಟೈಮೆಲ್ಲ ನಿಮ್ಮದೇ. ಮೇಡಂ ಜೊತೆ ಊರೂರು ಸುತ್ತಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮರುದಿನ ನಾನು ಎದ್ದಾಗ ಏಳು ಗಂಟೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿತ್ತು, ಕುಕ್ಕರ್ ಕೂಗಿ ಮುಗಿದಿತ್ತು, ಒಲೆಯ ಮೇಲೆ ಪಲ್ಯ ಬೇಯುತ್ತಿತ್ತು. ಇವಳು ಎಂದಿನಂತೆ ಐದೂವರೆಗೇ ಎದ್ದಿದ್ದಳು. “ಇವತ್ತಾದರೂ ಇನ್ನಷ್ಟು ಹೊತ್ತು ಮಲಗಬಾರದಿತ್ತೇನೇ?” ಎಂದೆ. “ಹಾಲಿನವನು ನಿಮ್ಮ ಜೊತೆ ರಿಟೈರ್ ಆಗಲಿಲ್ವಲ್ರೀ” ಎಂದಳು. ಇಬ್ಬರೂ ನಕ್ಕೆವು. ಆ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದೇನೋ ಇತ್ತೆಂದು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ಮೊದಲ ವರ್ಷಗಳು ಸೊಗಸಾಗಿಯೇ ಕಳೆದವು. ನಮ್ಮ ಮನೆ ಇರುವುದು ಜಯನಗರದ ಮೂರನೇ ಬ್ಲಾಕಿನಲ್ಲಿ. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಈ ಬಡಾವಣೆಗೆ ಚಾಲನೆ ಕೊಟ್ಟ ಗುರುತಾಗಿ ನಿಂತಿರುವ ಅಶೋಕ ಕಂಬವನ್ನು ಬಳಸಿ ಹೋದರೆ ಲಾಲ್‌ಬಾಗ್. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಅಲ್ಲಿ ಟಿಕೆಟ್ ಇಲ್ಲ. ಕೆರೆ ಏರಿಯ ಮೇಲೆ ಒಂದು ಸುತ್ತು, ಗಾಜಿನ ಮನೆಯ ಕಡೆಗೆ ಒಂದು ಸುತ್ತು, ಆಮೇಲೆ ಕಲ್ಲುಬೆಂಚು. ನಮ್ಮ ಬೆಂಚಿನ ಬಳಗದಲ್ಲಿ ಏಳು ಮಂದಿ, ಎಲ್ಲರೂ ನಿವೃತ್ತರು: ಶಾಲೆಯವರು, ವಿದ್ಯುತ್ ಮಂಡಳಿಯವರು, ಟೆಲಿಫೋನ್ ಇಲಾಖೆಯವರು. ರಕ್ತದೊತ್ತಡದಿಂದ ಶುರುವಾಗಿ ರಾಜಕೀಯಕ್ಕೆ ಹೊರಳಿ, ಮಕ್ಕಳ ವಿಷಯಕ್ಕೆ ಬಂದು, ಎಂಟೂವರೆಗೆ ಕಾಫಿಯಲ್ಲಿ ಮುಗಿಯುತ್ತಿತ್ತು. ಸಂಜೆ ಇನ್ನೊಂದು ಲೋಕ. ಎನ್.ಆರ್. ಕಾಲೊನಿಯಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ, ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿನಲ್ಲಿ ಕಚೇರಿ. ದಕ್ಷಿಣ ಬೆಂಗಳೂರಿನಲ್ಲಿ ನಿವೃತ್ತನಾಗುವುದು ಒಂದು ಭಾಗ್ಯ ಎಂದು ನಾನು ಬಹಳ ಮಂದಿಯ ಹತ್ತಿರ ಹೇಳಿದ್ದೇನೆ.

ಇವಳೂ ಕೆಲವು ದಿನ ಲಾಲ್‌ಬಾಗಿಗೆ ಬಂದಳು. ನಮಗಿಂತ ಚುರುಕಾಗಿ ನಡೆಯುತ್ತಿದ್ದಳು. ಆದರೆ ಒಂದು ಸುತ್ತು ಮುಗಿದೊಡನೆ ವಾಚು ನೋಡಿಕೊಂಡು ಗೇಟಿನ ಕಡೆ ತಿರುಗುತ್ತಿದ್ದಳು. ಆಮೇಲಾಮೇಲೆ ನಾನು ಗಮನಿಸಿದೆ, ಅವಳೊಬ್ಬಳೇ ಅಲ್ಲ. ಏಳು ಗಂಟೆಯ ಹೊತ್ತಿಗೆ ನಮ್ಮ ವಯಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಖಾಲಿಯಾಗುತ್ತಾರೆ. ಬೆಂಚಿನ ಮೇಲೆ ಉಳಿಯುವವರು ಗಂಡಸರು. ಮುನ್ನೂರು ಕೋಟಿ ವರ್ಷದಷ್ಟು ಹಳೆಯದಾದ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಸಂಸಾರದ ನಶ್ವರತೆಯ ಬಗ್ಗೆ ಮಾತಾಡಲು ನಮಗೆ ಎಷ್ಟು ಬೇಕಾದರೂ ಹೊತ್ತಿತ್ತು. ನಾವು ಮನೆಗೆ ಹೋಗುವ ಹೊತ್ತಿಗೆ ಇಡ್ಲಿಯ ಮೇಲಿನ ಬಟ್ಟೆ ತೆಗೆದಿರುತ್ತಿತ್ತು, ಅಷ್ಟೇ ನಮಗೆ ಗೊತ್ತಿದ್ದದ್ದು.

ಈ ಬರಹ ಹುಟ್ಟಿದ್ದು ಅಲ್ಲಿಂದ. ನನ್ನ ಬಿಡುವು ನನ್ನದು ಎಂದು ಆವತ್ತು ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಅದು ನಿಜವೇ? ಆ ಬಿಡುವನ್ನು ದಿನಾ ಬೆಳಿಗ್ಗೆ ಇನ್ನೊಬ್ಬರು ತಯಾರು ಮಾಡಿಡುತ್ತಿದ್ದರೆ, ಅದು ಎಷ್ಟರಮಟ್ಟಿಗೆ ನನ್ನದು?

ನಿವೃತ್ತಿ ಎಂಬ ಪದ ಪಿಂಚಣಿ ಕಾಗದಕ್ಕಿಂತ ಹಳೆಯದು. ಪ್ರವೃತ್ತಿ ಎಂದರೆ ಲೋಕವ್ಯವಹಾರದಲ್ಲಿ ತೊಡಗುವುದು, ನಿವೃತ್ತಿ ಎಂದರೆ ಅದರಿಂದ ಹಿಂದೆ ಸರಿಯುವುದು. ಗೃಹಸ್ಥನಾದವನು ಕೂದಲು ನರೆತು ಮೊಮ್ಮಕ್ಕಳನ್ನು ಕಂಡ ಮೇಲೆ ಕಾಡಿಗೆ ಹೋಗಬಹುದೆಂದು ಮನುಸ್ಮೃತಿ ಹೇಳುತ್ತದೆ. ಹೆಂಡತಿಯ ವಿಷಯದಲ್ಲಿ ಅಲ್ಲಿರುವುದು ಎರಡೇ ದಾರಿ: ಮಕ್ಕಳಿಗೆ ಒಪ್ಪಿಸಿ ಹೋಗಬೇಕು, ಇಲ್ಲವೇ ಜೊತೆಗೆ ಕರೆದುಕೊಂಡು ಹೋಗಬೇಕು. ಅವಳೇ ತನ್ನ ಕೆಲಸದಿಂದ ನಿವೃತ್ತಳಾಗುವ ದಾರಿಯ ಮಾತು ಆ ನಿಯಮದಲ್ಲಿ ಇಲ್ಲ. ಜೊತೆಗೆ ಹೋದರೂ ಕಾಡಿನಲ್ಲಿ ಗೆಡ್ಡೆಗೆಣಸು ಬೇಯಿಸುವವರು ಯಾರೆಂದು ಊಹಿಸಲು ಕಷ್ಟವಿಲ್ಲ.

ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯರ ಪ್ರಸಂಗ ಇದಕ್ಕಿಂತ ಪ್ರಸಿದ್ಧ. ಮನೆ ಬಿಟ್ಟು ಹೊರಡುವ ಮುನ್ನ ಅವರು ಇಬ್ಬರು ಹೆಂಡಿರಿಗೂ ಆಸ್ತಿ ಹಂಚಿಕೊಡಲು ಮುಂದಾಗುತ್ತಾರೆ. ಮೈತ್ರೇಯಿ, ಈ ಐಶ್ವರ್ಯದಿಂದ ನಾನು ಅಮೃತಳಾಗುತ್ತೇನೆಯೇ ಎಂದು ಕೇಳುತ್ತಾಳೆ. ಅಲ್ಲಿಂದ ಮುಂದೆ ನಡೆಯುವ ಸಂವಾದ ನಮ್ಮ ತತ್ತ್ವಶಾಸ್ತ್ರದ ಶಿಖರಗಳಲ್ಲಿ ಒಂದು. ಕಾಲೇಜಿನಲ್ಲಿ ಓದಿದಾಗ ನಾನೂ ಮೈತ್ರೇಯಿಯ ಪಕ್ಷ. ಈಗ ಯೋಚನೆ ಇನ್ನೊಬ್ಬಳ ಕಡೆ ಹೋಗುತ್ತದೆ. ಕಾತ್ಯಾಯನಿಯನ್ನು ಉಪನಿಷತ್ತು ಹೆಂಗಸರಿಗೆ ತಿಳಿದಿರುವಷ್ಟು ತಿಳಿದವಳು ಎಂಬ ಒಂದೇ ವಿಶೇಷಣದಲ್ಲಿ ಮುಗಿಸುತ್ತದೆ. ಇಡೀ ಪ್ರಸಂಗದಲ್ಲಿ ಅವಳದು ಒಂದು ಮಾತೂ ಇಲ್ಲ. ಆದರೆ ಒಳಗೆ ಯಾರೋ ಹಸು ಕರೆದು, ಒಲೆ ಹಚ್ಚಿ, ಅನ್ನಕ್ಕಿಟ್ಟಿರದೆ ಇದ್ದರೆ ಹೊರಗೆ ಅಮೃತತ್ವದ ಬಗ್ಗೆ ಅಷ್ಟು ಹೊತ್ತು ಮಾತು ನಡೆಯುತ್ತಿತ್ತೇ?

ಗ್ರೀಕರು ಈ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ. ಇವತ್ತು ನಾವು ಆಡುವ ‘ಸ್ಕೂಲು’ ಎಂಬ ಪದದ ಮೂಲ ಗ್ರೀಕಿನ ‘ಸ್ಖೊಲೆ’, ಅಂದರೆ ಬಿಡುವು. ಬಿಡುವಿದ್ದವನಿಗೆ ಮಾತ್ರ ವಿದ್ಯೆ ಎಂಬ ಭಾವ ಅದರಲ್ಲಿದೆ. ಅರಿಸ್ಟಾಟಲ್ ತನ್ನ ‘ರಾಜನೀತಿ’ಯಲ್ಲಿ ನೇರವಾಗಿಯೇ ಹೇಳುತ್ತಾನೆ: ಮನೆಯ ದುಡಿಮೆಯ ಮೇಲ್ವಿಚಾರಣೆಯನ್ನೂ ಇನ್ನೊಬ್ಬನಿಗೆ ವಹಿಸಬಲ್ಲವರು ತಾವು ತತ್ತ್ವಚಿಂತನೆಗೋ ರಾಜಕಾರಣಕ್ಕೋ ತೊಡಗುತ್ತಾರೆ ಎಂದು. ಗುಲಾಮಗಿರಿಯನ್ನು ಸಮರ್ಥಿಸಿದ ಅವನ ಮಾತನ್ನು ಇವತ್ತು ಯಾರೂ ಒಪ್ಪುವುದಿಲ್ಲ. ಆದರೆ ಬಿಡುವು ಆಕಾಶದಿಂದ ಬೀಳುವುದಿಲ್ಲ, ಇನ್ನೊಬ್ಬರ ದುಡಿಮೆಯಿಂದ ಬರುತ್ತದೆ ಎಂಬ ಲೆಕ್ಕ ಅವನಿಗೆ ಸ್ಪಷ್ಟವಾಗಿತ್ತು. ನಮ್ಮ ಬೆಂಚಿನ ಏಳು ಮಂದಿಗೆ ಅಷ್ಟೂ ಸ್ಪಷ್ಟವಿರಲಿಲ್ಲ.

ಲೆಕ್ಕವೆಂದ ಮೇಲೆ ಅಂಕಿ ಬೇಕು. ಕೇಂದ್ರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತು. ದೇಶದಲ್ಲಿ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಕಡಿಮೆಯಾಯಿತು, ಗಂಡಸರೂ ಸರಿಸುಮಾರು ಅಷ್ಟೇ ಕಡಿಮೆ ಮಾಡಿಕೊಂಡರು. ಜನಗಣತಿಯಲ್ಲಂತೂ ಮನೆಗೆಲಸವನ್ನಷ್ಟೇ ಮಾಡುವವರು ‘ಕೆಲಸ ಮಾಡದವರು’ ಎಂಬ ಪಟ್ಟಿಗೆ ಸೇರುತ್ತಾರೆ. ಕೆಲಸಕ್ಕೇ ಸೇರದವರು ನಿವೃತ್ತರಾಗುವುದು ಹೇಗೆ?

ಇಲ್ಲಿ ಒಂದು ವಾದ ಏಳುತ್ತದೆ, ನನ್ನ ಮನಸ್ಸಿನಲ್ಲೂ ಬಹಳ ದಿನ ಇತ್ತು. ನಾನು ಮೂವತ್ತಾರು ವರ್ಷ ಹೊರಗೆ ದುಡಿದೆ, ಅವಳು ಒಳಗೆ ದುಡಿದಳು. ಇದು ಹಂಚಿಕೆ, ಇದರಲ್ಲಿ ಅನ್ಯಾಯವೇನು ಬಂತು? ಹಂಚಿಕೆ ಎಂದು ಒಪ್ಪೋಣ. ಮದುವೆಯಾದ ಹೊಸದರಲ್ಲಿ ಅವಳಿಗೆ ಶಾಲೆಯಲ್ಲಿ ಕೆಲಸವಿತ್ತು, ನನ್ನ ಮೊದಲ ವರ್ಗಾವಣೆಗೆ ಅದನ್ನು ಬಿಟ್ಟಳು ಎಂಬುದನ್ನೂ ಸದ್ಯಕ್ಕೆ ಪಕ್ಕಕ್ಕಿಡೋಣ. ಆದರೂ ಪ್ರಶ್ನೆ ಉಳಿಯುತ್ತದೆ. ಇಬ್ಬರು ಪಾಲುದಾರರ ಅಂಗಡಿಯಲ್ಲಿ ಒಬ್ಬ ಅರವತ್ತಕ್ಕೆ ಪಿಂಚಣಿ ಪಡೆದು ಗಲ್ಲಾ ಬಿಟ್ಟೆದ್ದ. ಇನ್ನೊಬ್ಬರು ಅದೇ ಹೊತ್ತಿಗೆ ಬಾಗಿಲು ತೆರೆದು ಅದೇ ಹೊತ್ತಿಗೆ ಮುಚ್ಚುತ್ತಿದ್ದಾರೆ. ಎದ್ದವನು ಅಂಗಡಿಯ ಮುಂದೆಯೇ ಕುರ್ಚಿ ಹಾಕಿ ಕೂತು ಹೊತ್ತುಹೊತ್ತಿಗೆ ಕಾಫಿ ಕೇಳುತ್ತಿದ್ದಾನೆ. ನಾನು ಬ್ಯಾಂಕಿಗೆ ಹೋಗುತ್ತಿದ್ದಾಗ ಮಧ್ಯಾಹ್ನ ಅವಳು ಒಬ್ಬಳೇ ಬೆಳಗಿನ ಅನ್ನಕ್ಕೆ ಮೊಸರು ಕಲಸಿಕೊಂಡು ಊಟ ಮುಗಿಸುತ್ತಿದ್ದಳು. ನಾನು ನಿವೃತ್ತನಾದ ಮೇಲೆ ಮಧ್ಯಾಹ್ನಕ್ಕೂ ಬಿಸಿಯಾಗಿ ಹುಳಿ, ಪಲ್ಯ ಆಗಬೇಕಾಯಿತು. ನನ್ನ ನಿವೃತ್ತಿಯಿಂದ ಅವಳ ಕೆಲಸ ಹೆಚ್ಚಿತು. ಇದು ಯಾವ ಹಂಚಿಕೆಯ ಲೆಕ್ಕದಲ್ಲೂ ಸೇರುವುದಿಲ್ಲ.

ಊರು ಸುತ್ತುವ ಮಾತಿಗೆ ಬರುತ್ತೇನೆ. ನಾವು ಸುತ್ತಲಿಲ್ಲವೆಂದಲ್ಲ. 2022ರ ಡಿಸೆಂಬರಿನ ಒಂದು ಭಾನುವಾರ ಮಗಳು, ಅಳಿಯ, ಮೊಮ್ಮಗಳ ಜೊತೆ ಆನೇಕಲ್ ಹತ್ತಿರದ ಮುತ್ಯಾಲಮಡುವಿಗೆ ಹೋದೆವು. ಮಗಳ ಮನೆ ಬಿ.ಟಿ.ಎಂ. ಲೇಔಟಿನಲ್ಲಿ, ದಾರಿಯಲ್ಲೇ ಅವರನ್ನು ಕರೆದುಕೊಂಡು ಹೊರಟೆವು. ಇವಳು ಬೆಳಗಿನ ನಾಲ್ಕಕ್ಕೆ ಎದ್ದು ಪುಳಿಯೋಗರೆ, ಮೊಸರನ್ನ, ಚಪಾತಿ, ಮೊಮ್ಮಗಳಿಗೆ ಖಾರವಿಲ್ಲದ ಪಲ್ಯ ಮಾಡಿ ಡಬ್ಬಿಗೆ ತುಂಬಿದ್ದಳು. ಅಲ್ಲಿ ಮೆಟ್ಟಿಲಿಳಿದು ಕಣಿವೆಗೆ ಹೋಗಬೇಕು. ಅವಳಿಗೆ ಮಂಡಿನೋವು, ಮೇಲೆ ಕೋತಿಗಳ ಕಾಟ. “ನೀವೆಲ್ಲ ಹೋಗಿ ಬನ್ನಿ, ನಾನು ಬ್ಯಾಗು ನೋಡ್ಕೋತೀನಿ” ಎಂದು ಮೇಲೆಯೇ ಕೂತಳು. ನಾವು ನೀರು ನೋಡಿ, ಫೋಟೊ ಹೊಡೆದು, ಒಂದು ಗಂಟೆ ಬಿಟ್ಟು ಹತ್ತಿ ಬಂದೆವು. ಅವಳು ಕೈಯಲ್ಲೊಂದು ಕಡ್ಡಿ ಹಿಡಿದು ಡಬ್ಬಿಗಳ ಪಕ್ಕ ಕೂತಿದ್ದಳು. ಎಲೆ ಹಾಕಿ ಬಡಿಸಿದಳು. ಸಂಜೆ ಮನೆಗೆ ಬಂದು ಅಷ್ಟೂ ಡಬ್ಬಿ ತೊಳೆದಿಟ್ಟಳು. “ಚೆನ್ನಾಗಿತ್ತು ಕಣ್ರೀ, ಗಾಳಿ ತಂಪಾಗಿತ್ತು” ಎಂದಳು. ಸುಳ್ಳು ಹೇಳಿದಳೆಂದು ನನಗೆ ಅನಿಸಲಿಲ್ಲ. ಆದರೆ ರಾತ್ರಿ ಫೋಟೊ ನೋಡುವಾಗ ನೀರಿನ ಹತ್ತಿರದ ಒಂದರಲ್ಲೂ ಅವಳಿರಲಿಲ್ಲ. ಆವತ್ತಿನ ವಿಹಾರದಲ್ಲಿ ಅವಳ ಅಡುಗೆಮನೆ ನಲವತ್ತು ಕಿಲೋಮೀಟರ್ ಆಚೆಗೆ ಹೋಗಿ ಬಂದಿತ್ತು.

ಮರುವರ್ಷ, 2023ರ ಜೂನ್ 11ರಂದು, ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬೆಂಚಿನ ಬಳಗದಲ್ಲಿ ಇದರ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು. ಪುಕ್ಕಟೆ ಕೊಟ್ಟರೆ ಜನ ಕೆಡುತ್ತಾರೆ ಎಂದು ಒಬ್ಬರು. ನಮ್ಮ ಊಟ, ಕಾಫಿ, ಇಸ್ತ್ರಿ ಬಟ್ಟೆ ಎಲ್ಲವೂ ಮನೆಯಲ್ಲಿ ಪುಕ್ಕಟೆಯೇ ಬರುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆಗಸ್ಟಿನಲ್ಲಿ ನಮ್ಮ ಬೀದಿಯ ಮೂವರು ಹೆಂಗಸರು ಧರ್ಮಸ್ಥಳ, ಕುಕ್ಕೆಗೆ ಹೊರಟರು. ಇವಳನ್ನೂ ಕರೆದರು. ದುಡ್ಡಿನ ತೊಂದರೆ ನಮಗೆ ಎಂದೂ ಇರಲಿಲ್ಲ. ಹೋಗದೆ ಇದ್ದದ್ದಕ್ಕೆ ಕಾರಣ ಬೇರೆ. ಆದರೂ ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರೆ ಎಂಬುದರಲ್ಲಿ ಅವಳಿಗೆ ಏನೋ ಒಂದು ಕರೆ ಕೇಳಿಸಿರಬೇಕು. ಆ ಟಿಕೆಟ್ಟಿನಲ್ಲಿ ಗಂಡನ ಹೆಸರಿಲ್ಲ, ಗಂಡನ ದುಡ್ಡಿಲ್ಲ. ಮೂರು ದಿನ ಹೋಗುತ್ತೇನೆ ಎಂದಳು. ನಾನು ಉದಾರವಾಗಿ, “ಹೋಗಿ ಬಾ, ನಾನು ನೋಡ್ಕೋತೀನಿ” ಎಂದೆ.

ಏನನ್ನು ನೋಡಿಕೊಳ್ಳಬೇಕೆಂದು ನನಗೆ ಗೊತ್ತಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ಅವಳು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದುಕೊಟ್ಟ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಕಾವೇರಿ ನೀರು ಯಾವ ದಿನ ಯಾವ ಹೊತ್ತಿಗೆ, ಸಂಪು ತುಂಬಿದ ಮೇಲೆ ಮೋಟರು ಎಷ್ಟು ನಿಮಿಷ. ಹಾಲಿಗೆ ಹೆಪ್ಪು, ಉಗುರು ಬೆಚ್ಚಗಿರುವಾಗ. ಮೊಮ್ಮಗಳು ಶಾಲೆಯಿಂದ ಬಂದ ಕೂಡಲೇ ಏನಾದರೂ ತಿನ್ನಲು ಕೊಡಬೇಕು, ಇಲ್ಲದಿದ್ದರೆ ಹಟ. ಮನೆಕೆಲಸದವಳಿಗೆ ಕಾಫಿ, ಸಕ್ಕರೆ ಹಾಕದೆ. ನನ್ನ ಬಿ.ಪಿ. ಮಾತ್ರೆ ಗುರುವಾರಕ್ಕೆ ಮುಗಿಯುತ್ತದೆ. ತುಳಸಿಗೆ ನೀರು. ಇಪ್ಪತ್ತಮೂರು ಬಾಬು ಇದ್ದವು. ಬ್ಯಾಂಕಿನವನಾದ ನನಗೆ ಅದು ಏನೆಂದು ತಕ್ಷಣ ತಿಳಿಯಿತು. ಅದು ಚಾರ್ಜು ಪಟ್ಟಿ. ಮೂವತ್ತೈದು ವರ್ಷದ ಮೇಲೆ ಮೊದಲ ಸಲ ಅವಳು ಚಾರ್ಜು ಬರೆದುಕೊಟ್ಟಿದ್ದಳು. ವಹಿಸಿಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಅದುವರೆಗೆ ಬರೆಯುವ ಪ್ರಸಂಗವೇ ಬಂದಿರಲಿಲ್ಲ.

ಮೂರು ದಿನದಲ್ಲಿ ನಾನು ಕಲಿತದ್ದರಲ್ಲಿ ಅಡುಗೆ ಅಂಥ ದೊಡ್ಡದಲ್ಲ. ಅನ್ನ ಸಾರು ಯಾರಿಗಾದರೂ ಬರುತ್ತದೆ. ಕಷ್ಟವಾದದ್ದು ನೆನಪಿಟ್ಟುಕೊಳ್ಳುವುದು. ರಾತ್ರಿ ಹಾಸಿಗೆಗೆ ಹೋದ ಮೇಲೆ ಹೆಪ್ಪು ಹಾಕಿಲ್ಲವೆಂದು ನೆನಪಾಗುತ್ತಿತ್ತು. ಪೇಪರು ಓದುತ್ತಿದ್ದರೆ ಮೋಟರು ಆನ್ ಮಾಡಿ ಬಿಟ್ಟಿದ್ದೇನೋ ಎಂದು ದಿಗಿಲಾಗುತ್ತಿತ್ತು. ಲಾಲ್‌ಬಾಗಿಗೆ ಒಂದು ದಿನ ಹೋದೆ. ಏಳು ಗಂಟೆಗೆ ವಾಚು ನೋಡಿಕೊಂಡು ಎದ್ದು ಬಂದೆ. ಬಿಡುವು ಎಂದರೆ ಕೈ ಖಾಲಿ ಇರುವುದು ಎಂದು ನಾನು ಅಂದುಕೊಂಡಿದ್ದೆ. ತಲೆಯೂ ಖಾಲಿ ಇರಬೇಕು. ಅವಳ ತಲೆ ಮೂವತ್ತೈದು ವರ್ಷ ಒಂದು ದಿನವೂ ಖಾಲಿ ಇರಲಿಲ್ಲ.

ಅಲ್ಲಿಯವರೆಗೆ ನಾನು ಸಹಾಯ ಮಾಡದ ಗಂಡನಾಗಿರಲಿಲ್ಲ. ತರಕಾರಿ ಹೆಚ್ಚಿಕೊಡು ಎಂದರೆ ಹೆಚ್ಚುತ್ತಿದ್ದೆ, ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಚೀಟಿ ಹಿಡಿದು ಹೋಗುತ್ತಿದ್ದೆ. ಆದರೆ ಚೀಟಿ ಬರೆಯುವವಳು ಅವಳು. ಸಹಾಯ ಮಾಡುವವನು ಹೇಳಿದ್ದನ್ನು ಮಾಡಿ ಕೈತೊಳೆದುಕೊಳ್ಳುತ್ತಾನೆ, ಹೊಣೆ ಇದ್ದಲ್ಲೇ ಇರುತ್ತದೆ. ಚಾರ್ಜು ವಹಿಸಿಕೊಂಡವನಿಗೆ ಯಾರೂ ಹೇಳುವುದಿಲ್ಲ. ಅವನೇ ನೋಡಬೇಕು, ಅವನೇ ನೆನೆಯಬೇಕು, ತಪ್ಪಿದರೆ ಅವನೇ ಬೈಸಿಕೊಳ್ಳಬೇಕು. ಶಾಖೆಯಲ್ಲಿ ಈ ವ್ಯತ್ಯಾಸವನ್ನು ಹೊಸ ಹುಡುಗರಿಗೆ ಎಷ್ಟು ಸಲ ಪಾಠ ಮಾಡಿದ್ದೆನೋ. ಮನೆಯಲ್ಲಿ ಅದು ಕಾಣಿಸಿರಲಿಲ್ಲ.

ಅವಳು ಬಂದ ಮೇಲೆ ದೊಡ್ಡ ಸುಧಾರಕನಂತೆ, “ಇನ್ನು ಮೇಲೆ ನೀನೂ ರಿಟೈರ್ ಆಗು” ಎಂದು ಘೋಷಿಸಿದೆ. ಅವಳಿಗೆ ಸಿಟ್ಟು ಬಂತು. “ಅಡುಗೆಮನೆ ನಿಮಗೆ ಕೊಟ್ಟು ನಾನೇನು ಮಾಡ್ಲಿ? ಕಲ್ಲುಬೆಂಚಿನ ಮೇಲೆ ಕೂತು ಹರಟೆ ಹೊಡೀಲಾ? ನಾಲ್ಕು ಜನಕ್ಕೆ ರುಚಿಯಾಗಿ ಮಾಡಿ ಬಡಿಸೋದ್ರಲ್ಲಿ ನನಗೂ ಒಂದು ಖುಷಿ ಇದೆ ಕಣ್ರೀ. ಅದನ್ನೂ ಕಿತ್ಕೋಬೇಡಿ.”

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನೆಗೆಲಸವೆಲ್ಲ ಶಿಕ್ಷೆ ಎಂದು ತೀರ್ಮಾನಿಸಲು ನಾನು ಯಾರು? ಕೆಲಸದಲ್ಲೇ ಘನತೆ ಕಂಡ ಪರಂಪರೆ ನಮ್ಮದು. ಆದರೆ ಅವಳ ಮಾತನ್ನೇ ಹಿಡಿದು ನಾನು ಬೆಂಚಿಗೆ ಮರಳಿದರೆ ಅದೂ ಜಾಣತನವೇ ಆಗುತ್ತದೆ. ಹಾಗಾಗಿ ನನಗೊಂದು ಪರೀಕ್ಷೆ ಬೇಕಾಗಿತ್ತು. ನಾನು ಕಂಡುಕೊಂಡದ್ದು ಇಷ್ಟು: ಒಂದು ಕೆಲಸ ನನ್ನ ಖುಷಿಯದ್ದು ಹೌದೋ ಅಲ್ಲವೋ ಎಂದು ತಿಳಿಯಬೇಕಾದರೆ, ಒಂದು ದಿನ ಅದನ್ನು ಬಿಡಬಹುದೇ ಎಂದು ಕೇಳಬೇಕು. ನಾನು ಉಪನ್ಯಾಸಕ್ಕೆ ಹೋಗದಿದ್ದರೆ ಏನೂ ಆಗುವುದಿಲ್ಲ. ಅವಳು ಒಂದು ಸಂಜೆ ಅಡುಗೆ ಮಾಡದಿದ್ದರೆ ಮೊದಲೇ ಹೇಳಬೇಕು, ಕಾರಣ ಕೊಡಬೇಕು, ಬದಲಿ ವ್ಯವಸ್ಥೆಯನ್ನೂ ಅವಳೇ ಮಾಡಬೇಕು. ಜ್ವರ ಬಂದಾಗಲೂ ಮೊದಲು ಹೇಳುತ್ತಿದ್ದ ಮಾತು, ಫ್ರಿಜ್ಜಿನಲ್ಲಿ ಹಿಟ್ಟಿದೆ ಎಂದು. ಅಡುಗೆ ಅವಳ ಖುಷಿಯೇ ಇರಬಹುದು. ಬಿಡುವ ಸ್ವಾತಂತ್ರ್ಯವಿಲ್ಲದ ಖುಷಿಗೆ ಪೂರ್ತಿ ಖುಷಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನನ್ನಿಂದ ಆಗಬೇಕಾದದ್ದು ಅಡುಗೆಮನೆಯನ್ನು ಕಿತ್ತುಕೊಳ್ಳುವುದಲ್ಲ, ಅವಳು ಯಾವಾಗ ಬೇಕಾದರೂ ಅದನ್ನು ಬಿಟ್ಟೇಳಬಹುದು ಎಂಬಂತೆ ಮಾಡುವುದು.

ಸುಲಭದ ದಾರಿಯೊಂದು ಇತ್ತು. ಅಡುಗೆಯವರನ್ನು ಇಟ್ಟುಕೊಳ್ಳುವುದು. ನಮ್ಮ ಮನೆಗೆಲಸಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿರುವಾಕೆಯನ್ನೇ ಕೇಳೋಣ, ಇನ್ನೆರಡು ಗಂಟೆ ಹೆಚ್ಚು ಬರಲಿ, ಸಂಬಳ ಹೆಚ್ಚು ಕೊಡೋಣ ಎಂದೆ. ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳಿಗೂ ಮನೇಲಿ ಒಂದು ಅಡುಗೆಮನೆ ಇದೆಯಲ್ರೀ” ಎಂದಳು. ಆಕೆ ಇವಳಿಗಿಂತ ಎರಡು ವರ್ಷ ದೊಡ್ಡವಳು. ನಮ್ಮದೂ ಸೇರಿ ನಾಲ್ಕು ಮನೆ ಮಾಡುತ್ತಾಳೆ. ಆಕೆಗೆ ನಿವೃತ್ತಿಯ ವಯಸ್ಸು ಎಷ್ಟು?

ಬ್ಯಾಂಕಿನಲ್ಲಿದ್ದಾಗ ಅಟಲ್ ಪಿಂಚಣಿ ಯೋಜನೆಗೆ ನೂರಾರು ಅರ್ಜಿ ತುಂಬಿಸಿದವನು ನಾನು. 2015ರಲ್ಲಿ ಅದು ಶುರುವಾದಾಗ ಆಕೆ ಅದಕ್ಕೆ ಸೇರುವಂತಿರಲಿಲ್ಲ, ಏಕೆಂದರೆ ವಯಸ್ಸಿನ ಮಿತಿ 18ರಿಂದ 40. ಅಸಂಘಟಿತ ದುಡಿಮೆಯವರಿಗಾಗಿಯೇ ಬಂದ ಯೋಜನೆ, ಆದರೆ ಅದು ಬರುವ ಹೊತ್ತಿಗೆ ಆಕೆಯ ಆಯುಷ್ಯದ ದುಡಿಮೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ರಾಜ್ಯದ ಸಂಧ್ಯಾ ಸುರಕ್ಷಾ ಸಿಗುವುದು 65ಕ್ಕೆ. ಅಂದರೆ ನನ್ನ ಬಿಡುವನ್ನು ಹೆಂಡತಿ ಹೊರುತ್ತಾಳೆ, ಹೆಂಡತಿಗೆ ಸಿಗುವ ಅಷ್ಟಿಷ್ಟು ಬಿಡುವನ್ನು ಇನ್ನೊಬ್ಬಳು ಹೊರುತ್ತಾಳೆ, ಆಕೆಯದನ್ನು ಮನೆಯಲ್ಲಿ ಸೊಸೆಯೋ ಮಗಳೋ ಹೊರುತ್ತಿರಬೇಕು. ಭಾರ ಕೆಳಕ್ಕೆ ಜಾರುತ್ತ ಹೋಗುತ್ತದೆ, ಎಲ್ಲಿಯೂ ಇಳಿಯುವುದಿಲ್ಲ. ದುಡ್ಡು ಕೊಡುತ್ತೇವೆ ನಿಜ. ದುಡ್ಡು ಕೂಲಿಯಾದೀತು, ನಿವೃತ್ತಿ ಆಗುವುದಿಲ್ಲ.

ಈ ಹೊತ್ತಿನಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡದ್ದು, ಹೋಗಿ ಅಲ್ಲಿಯೇ ಹಾಕಿ ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳಂತೆ. ಕಾಯಕದ ಮಹಿಮೆಗೆ ಈ ಕಥೆಯನ್ನು ಹೇಳುವುದು ವಾಡಿಕೆ. ನನಗೆ ಈಗ ಕಾಣುವುದು ಅದರೊಳಗಿನ ಲೆಕ್ಕ. ನಮ್ಮ ಪಾಲಿಗಿಂತ ಹೆಚ್ಚು ನಮ್ಮ ಮನೆಗೆ ಬಂದಿದೆ ಎಂದರೆ ಇನ್ನೆಲ್ಲೋ ಯಾರಿಗೋ ಕಡಿಮೆಯಾಗಿದೆ. ನನಗೆ ಸಿಕ್ಕ ಬಿಡುವು ಆ ಹೆಚ್ಚಿನ ಅಕ್ಕಿಯಂಥದ್ದು. ಅದು ಪಾಪವಲ್ಲ, ಕದ್ದದ್ದೂ ಅಲ್ಲ. ಆದರೆ ಅದರಲ್ಲಿ ಒಂದು ಭಾಗ ಎಲ್ಲಿಂದ ಬಂತೋ ಅಲ್ಲಿಗೆ ಮರಳಬೇಕು.

ಮರಳಿಸಿದ್ದು ಬಹಳವೇನೂ ಇಲ್ಲ. ಕ್ಯಾಲೆಂಡರಿನ ಹಾಳೆಯ ಇಪ್ಪತ್ತಮೂರು ಬಾಬುಗಳಲ್ಲಿ ಒಂಬತ್ತನ್ನು ನಾನು ವಹಿಸಿಕೊಂಡೆ: ನೀರು, ಮಾತ್ರೆ, ಗ್ಯಾಸು, ಮಾರ್ಕೆಟ್ಟಿನ ಚೀಟಿ ಬರೆಯುವುದು, ಮೊಮ್ಮಗಳ ಸಂಜೆಯ ತಿಂಡಿ, ರಾತ್ರಿಯ ಅಡುಗೆ, ಹೆಪ್ಪು, ಹೀಗೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಅವಳದೇ. ಅದನ್ನು ಬಿಟ್ಟುಕೊಡಲು ಅವಳು ಸಿದ್ಧಳಿಲ್ಲ, ಕೇಳಲು ನನಗೂ ಧೈರ್ಯವಿಲ್ಲ. ಮನೆಕೆಲಸದಾಕೆಗೆ ಭಾನುವಾರ ಸಂಬಳ ಸಹಿತ ರಜೆ. ತಿಂಗಳು ತಿಂಗಳು ಆಕೆಯ ಹೆಸರಿನಲ್ಲಿ ಒಂದು ಆರ್.ಡಿ. ಕಟ್ಟುತ್ತಿದ್ದೇವೆ. ಉಳಿದ ಮೂರು ಮನೆಯವರಿಗೂ ಹೇಳಿದೆ, ಒಬ್ಬರು ಒಪ್ಪಿದರು. ಇದರಿಂದ ಆಕೆ ನಿವೃತ್ತಳಾಗಲು ಸಾಧ್ಯವಿಲ್ಲವೆಂದು ಬಡ್ಡಿಯ ಲೆಕ್ಕ ಬಲ್ಲ ನನಗೆ ಚೆನ್ನಾಗಿ ಗೊತ್ತು. ಆ ಕೊರತೆ ಒಂದು ಮನೆಯ ಒಳ್ಳೆಯತನದಿಂದ ತುಂಬುವಂಥದ್ದಲ್ಲ. ಆದರೆ ಕಾಯಿದೆ ಬರಲಿ ಎಂದು ಕಾಯುತ್ತ ಕೂರುವುದೂ ಬೆಂಚಿನ ಮೇಲೆ ಕೂರುವ ಇನ್ನೊಂದು ಬಗೆಯೇ.

ಮೊದಮೊದಲು ನನ್ನ ಕೆಲಸ ನಗೆಪಾಟಲಾಗಿತ್ತು. 2025ರ ಆಗಸ್ಟ್ 10ರಂದು ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಮೊಮ್ಮಗಳಿಗೆ ಅದರಲ್ಲಿ ಕೂರುವ ಆಸೆಯಾಯಿತು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹೋಗಿ, ವಾಪಸು ಬರುವಾಗ ಬಿ.ಟಿ.ಎಂ. ಲೇಔಟಿನಲ್ಲಿಳಿದು ಮಗಳ ಮನೆಯಲ್ಲಿ ಊಟ ಎಂದು ತೀರ್ಮಾನವಾಯಿತು. ಆವತ್ತಿನ ಡಬ್ಬಿ ನನ್ನದು. ಚಿತ್ರಾನ್ನಕ್ಕೆ ಉಪ್ಪು ಮರೆತಿದ್ದೆ. ರೈಲಿನಲ್ಲಿ ಇವಳು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಬ್ಯಾಗು ನನ್ನ ತೊಡೆಯ ಮೇಲಿತ್ತು.

ಕಳೆದ ತಿಂಗಳು ಅವಳು ಗೆಳತಿಯೊಬ್ಬರ ಜೊತೆ ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ನೋಡಲು ಹೋದಳು. 2004ರಿಂದ ಇರುವ ರಂಗಮಂದಿರ, ನಮ್ಮ ಮನೆಗೆ ಆಟೊದಲ್ಲಿ ಇಪ್ಪತ್ತು ನಿಮಿಷದ ದಾರಿ. ಇಷ್ಟು ವರ್ಷದಲ್ಲಿ ಅವಳು ಅಲ್ಲಿಗೆ ಹೋಗಿರಲಿಲ್ಲ. ನಾಟಕ ಏಳೂವರೆಗೆ, ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಏಳೂವರೆ ಎಂದರೆ ನಮ್ಮ ಮನೆಯಲ್ಲಿ ಚಪಾತಿಯ ಹೊತ್ತು. ನಾನು ಒಬ್ಬನೇ ಎರಡು ಸಲ ಹೋಗಿ ನೋಡಿ ಬಂದು, ಎಷ್ಟು ಶಿಸ್ತು ನೋಡು ಎಂದು ಅವಳ ಮುಂದೆ ಹೊಗಳಿದ್ದೆ. ಬಂದ ಮೇಲೆ ಬಿಸಿ ಚಪಾತಿ ತಿಂದಿದ್ದೆ.

ಆವತ್ತು ಅವಳು ಹಿಂತಿರುಗಿದಾಗ ಹತ್ತು ಗಂಟೆ ಸಮೀಪಿಸಿತ್ತು. ಚಪ್ಪಲಿ ಬಿಡುತ್ತಲೇ ನಾಟಕದ ಕಥೆ ಶುರುಮಾಡಿದಳು. ಯಾರು ಚೆನ್ನಾಗಿ ಮಾಡಿದರು, ಯಾವ ಮಾತಿಗೆ ಜನ ನಕ್ಕರು, ಕೊನೆ ಯಾಕೆ ಸರಿಯಾಗಲಿಲ್ಲ. ನಾನು ತಟ್ಟೆ ಹಾಕಿ ಬಡಿಸಿದೆ. ಊಟ ಮಾಡುತ್ತ ಹೇಳುತ್ತಲೇ ಇದ್ದಳು. ಕೈತೊಳೆದು, ಅದೇ ಮಾತು ಮುಂದುವರಿಸುತ್ತ ಹೋಗಿ ಮಲಗಿದಳು.

ಹೆಪ್ಪು ಹಾಕಿದಿರಾ ಎಂದು ಕೇಳಲಿಲ್ಲ. ಹಾಕಿದ್ದೆ.